ನಾಸ್‌ಗೆ ಬ್ಯಾಕಪ್ ಸೆಕೆಂಡಿಗೆ 11 ಎಂಬಿ ದಾಟುತ್ತಿಲ್ಲ, ಎಲ್ಲಿಂದ ಹುಡುಕಬೇಕು?

ಆಡಿಟ್_ಆಫೀಸ್_ಪಿಜೆ

ಪಿ.ಜೆ. ಬಡಾವಣೆಯಲ್ಲಿ ಆಡಿಟರ್ ಆಫೀಸು. ಕೆಳಗೆ ಏಳು ಕಂಪ್ಯೂಟರ್, ಎಲ್ಲಕ್ಕೂ ವಿಂಡೋಸ್ 11 ಪ್ರೊ, ಗಿಗಾಬಿಟ್ ಸ್ವಿಚ್. ಮೇಲಿನ ಮಹಡಿಯಲ್ಲಿ ಇಂಟರ್ನೆಟ್‌ನವರು ಕೊಟ್ಟ ಫೈಬರ್ ರೂಟರ್, ಅದರ ಪಕ್ಕದಲ್ಲೇ ಎರಡು ಡಿಸ್ಕಿನ ನಾಸ್ (ಎಲ್ಲ ಕಂಪ್ಯೂಟರ್‌ಗಳೂ ನೆಟ್‌ವರ್ಕ್ ಮೂಲಕ ಫೈಲ್ ಇಡುವ ಡಬ್ಬಿ). ಡಿಸ್ಕ್ ಒಂದೊಂದೂ 4 ಟಿಬಿ, ರೇಡ್ 1, ಅಂದರೆ ಎರಡರಲ್ಲೂ ಅದೇ ಡೇಟಾ. ಮೇಲಿಂದ ಕೆಳಕ್ಕೆ ಒಂದೇ ಕೇಬಲ್.

ರಾತ್ರಿ 9ಕ್ಕೆ ಎಲ್ಲ ಕಂಪ್ಯೂಟರ್‌ಗಳ ಬ್ಯಾಕಪ್ ಒಟ್ಟಿಗೆ ಶುರುವಾಗುತ್ತೆ, ಬೆಳಗ್ಗೆ ಬಾಗಿಲು ತೆಗೆದಾಗಲೂ ಓಡುತ್ತಲೇ ಇರುತ್ತೆ. ಒಟ್ಟು ಡೇಟಾ 1.4 ಟಿಬಿ. ದೊಡ್ಡ ಫೈಲ್ ಒಂದನ್ನೇ ಕಾಪಿ ಮಾಡಿದರೆ ಸೆಕೆಂಡಿಗೆ 11.2 ಎಂಬಿ. ಮೇಲೂ ಹೋಗಲ್ಲ, ಕೆಳಗೂ ಇಳಿಯಲ್ಲ. ಟ್ಯಾಲಿ ಡೇಟಾ, ಸ್ಕ್ಯಾನ್ ಮಾಡಿದ ಬಿಲ್ಲುಗಳ ಫೋಲ್ಡರ್ ಆದರೆ 1ರಿಂದ 2 ಎಂಬಿ ಅಷ್ಟೇ. ನಾಸ್ ಹಳೇದಾಯ್ತು, ಬದಲಾಯಿಸಿ ಅಂತ ಅಂಗಡಿಯಲ್ಲಿ ಹೇಳಿದ್ದಾರೆ. ದುಡ್ಡು ಹಾಕುವ ಮುಂಚೆ ಏನೇನು ಪರೀಕ್ಷೆ ಮಾಡಬೇಕು ತಿಳಿಸಿ.

ಕೇಬಲ್_ಕೆಲಸ_ದಾವಣಗೆರೆ

ಹೊಸದು ತಗೋಬೇಡ್ರಿ ಸರ್. ನಿಮ್ಮ 11.2 ಅನ್ನೋ ಅಂಕಿನೇ ಅರ್ಧ ಉತ್ತರ ಹೇಳ್ತದೆ.

ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್, ಎಂಟು ಬಿಟ್ ಸೇರಿ ಒಂದು ಬೈಟ್. 100 ಎಂಬಿಪಿಎಸ್ ಲಿಂಕನ್ನ 8ರಿಂದ ಭಾಗಿಸಿದರೆ 12.5 ಎಂಬಿ. ಪ್ಯಾಕೆಟ್ಟಿನ ಹೆಡರು ಅದು ಇದು ಕಳೆದರೆ ಕೈಗೆ ಸಿಗೋದು 11 ಚಿಲ್ಲರೆ. ಗಿಗಾಬಿಟ್ ಆದರೆ 125 ಲೆಕ್ಕ, ಸಿಗೋದು 110ರಿಂದ 113. ಡಿಸ್ಕಿನ ತೊಂದರೆ ಇದ್ದರೆ ವೇಗ ಏರಿಳಿತ ಆಗ್ತಿತ್ತು. ಗೆರೆ ಎಳೆದಂಗೆ 11ರಲ್ಲೇ ನಿಂತದೆ ಅಂದ್ರೆ ದಾರಿಯಲ್ಲಿ ಎಲ್ಲೋ ಒಂದು ಕೊಂಡಿ 100ರಲ್ಲಿ ಕೂತದೆ. ಒಂದೇ ಒಂದು ಕೊಂಡಿ ಹಂಗಿದ್ರೆ ಸಾಕು, ಎಲ್ಲ ಕಂಪ್ಯೂಟರಿಗೂ ಅಷ್ಟೇ ವೇಗ.

ನಿಮ್ಮ 1.4 ಟಿಬಿಯನ್ನ 11ರಲ್ಲಿ ಕಳಿಸೋಕೆ 35 ಗಂಟೆ ಬೇಕು, 110ರಲ್ಲಿ ಮೂರೂವರೆ ಗಂಟೆ. ರಾತ್ರಿಯೊಳಗೆ ಮುಗಿಯೋದು ಹೆಂಗೆ?

ನೋಡೋ ಕ್ರಮ: ಪ್ರತಿ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಈಥರ್ನೆಟ್ ತೆಗೀರಿ. ಲಿಂಕ್ ಸ್ಪೀಡ್ 1000/1000 ಇರಬೇಕು. ನಾಸ್‌ನ ಪುಟದಲ್ಲೂ ನೆಟ್‌ವರ್ಕ್ ಇಂಟರ್‌ಫೇಸ್ ಅಂತ ಇರ್ತದೆ, ಅಲ್ಲೂ 1000 ಫುಲ್ ಡ್ಯೂಪ್ಲೆಕ್ಸ್ (ಎರಡೂ ದಿಕ್ಕಿಗೆ ಒಟ್ಟಿಗೆ) ಬರಬೇಕು. ಸ್ವಿಚ್ಚಿನ ದೀಪದ ಬಣ್ಣ ಕಂಪನಿಗೊಂದು ಥರ, ಡಬ್ಬಿ ಮೇಲೆ ಬರೆದಿರ್ತಾರೆ, ಅದನ್ನ ಓದಿನೇ ತೀರ್ಮಾನ ಮಾಡ್ರಿ.

ನನ್ನ ಅನುಮಾನ ರೂಟರ್ ಮೇಲೆ. ಫೈಬರ್ ರೂಟರುಗಳಲ್ಲಿ ನಾಲ್ಕು ಪೋರ್ಟ್ ಇದ್ದರೂ ಎಷ್ಟೋ ಮಾಡೆಲ್‌ನಲ್ಲಿ ಒಂದೇ ಗಿಗಾಬಿಟ್, ಉಳಿದ ಮೂರು 100. ಹಿಂದೆ ಜಿಇ, ಎಫ್‌ಇ ಅಂತ ಮುದ್ರಿಸಿರ್ತಾರೆ, ಎಫ್‌ಇ ಅಂದ್ರೆ 100. ನಾಸ್ ಅದರಲ್ಲಿ ಚುಚ್ಚಿದ್ರೆ ಮುಗೀತು. ನಾಸ್‌ನ ಕೆಳಗೆ ತಂದು ನೇರ ಸ್ವಿಚ್ಚಿಗೆ ಹಾಕ್ರಿ. ರೂಟರಿಂದ ಸ್ವಿಚ್ಚಿಗೆ ಬರೋ ತಂತಿ 100 ಇದ್ದರೂ ಬ್ಯಾಕಪ್ಪಿಗೆ ಬಾಧೆ ಇಲ್ಲ. ಕಂಪ್ಯೂಟರ್ ಮತ್ತು ನಾಸ್ ಒಂದೇ ಸ್ವಿಚ್ಚಿನಲ್ಲಿದ್ದಾಗ ಡೇಟಾ ರೂಟರಿನ ಕಡೆ ಹೋಗೋದೇ ಇಲ್ಲ.

ಆಡಿಟ್_ಆಫೀಸ್_ಪಿಜೆ

ನಾಸ್ ಇದ್ದದ್ದು ಎಫ್‌ಇ ಪೋರ್ಟಿನಲ್ಲೇ. ಕೆಳಗೆ ತಂದು ಸ್ವಿಚ್ಚಿಗೆ ಹಾಕಿದ ಮೇಲೆ ಐದು ಕಂಪ್ಯೂಟರಿನಲ್ಲಿ ದೊಡ್ಡ ಫೈಲ್ 112ಕ್ಕೆ ಬಂತು. ಇನ್ನೆರಡರಲ್ಲಿ ಲಿಂಕ್ ಸ್ಪೀಡ್ 100/100 ಅಂತಲೇ ತೋರಿಸುತ್ತೆ. ಎರಡೂ ಗೋಡೆಯ ಪಟ್ಟಿಯೊಳಗೆ ಎಳೆದ ಕೇಬಲ್. ಟೆಸ್ಟರ್ ಹಾಕಿದರೆ ಒಂದರಲ್ಲಿ ಎಂಟೂ ದೀಪ ಸರಿಯಾಗಿ ಹತ್ತುತ್ತೆ, ಇನ್ನೊಂದರಲ್ಲಿ 7 ಹತ್ತಲ್ಲ.

ಕೇಬಲ್_ಕೆಲಸ_ದಾವಣಗೆರೆ

7 ಹತ್ತದೇ ಇರೋದು ಸುಲಭದ ಕೇಸು. 100ಕ್ಕೆ 1, 2, 3, 6 ಈ ನಾಲ್ಕು ತಂತಿ ಸಾಕು. ಗಿಗಾಬಿಟ್ಟಿಗೆ ಎಂಟೂ ಬೇಕು. 4, 5, 7, 8ರಲ್ಲಿ ಒಂದು ಕಿತ್ತರೂ ಇಂಟರ್ನೆಟ್ ಚೆನ್ನಾಗೇ ಓಡ್ತದೆ, ಲಿಂಕ್ ಮಾತ್ರ ಸದ್ದಿಲ್ಲದೆ 100ಕ್ಕೆ ಇಳೀತದೆ. ಹಂಗಾಗಿ ಯಾರಿಗೂ ಗೊತ್ತಾಗಲ್ಲ. ಎರಡೂ ತುದಿ ಕತ್ತರಿಸಿ ಹೊಸ ಆರ್‌ಜೆ45 ಕನೆಕ್ಟರ್ ಹಾಕ್ರಿ.

ಎಂಟೂ ಹತ್ತಿದ್ದು ಇದೆಯಲ್ಲ, ಅದನ್ನ ಜಾಸ್ತಿ ಗಮನ ಕೊಟ್ಟು ನೋಡ್ರಿ. ಕನೆಕ್ಟರನ್ನ ಬೆಳಕಿಗೆ ಹಿಡಿದು ಬಣ್ಣ ಓದ್ರಿ, ಚಿನ್ನದ ಬಣ್ಣದ ಕಡ್ಡಿ ನಿಮ್ಮ ಕಡೆ, ಲಾಕ್ ಹಿಂದಕ್ಕೆ. ಎಡದಿಂದ ಹಿಂಗಿರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಬಹಳ ಜನ ಜೋಡಿ ಜೋಡಿಯಾಗಿ ಸಾಲಾಗಿ ಹಾಕಿಬಿಡ್ತಾರೆ: ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ. ಎರಡೂ ತುದಿಗೆ ಹಂಗೇ ಹಾಕಿದ್ರೆ ಟೆಸ್ಟರ್ ಪಾಸ್ ಮಾಡ್ತದೆ. ಯಾಕಂದ್ರೆ ಅದು ನೋಡೋದು ಈ ತುದಿಯಿಂದ ಆ ತುದಿಗೆ ತಂತಿ ಮುಟ್ಟಿದೆಯಾ ಅಂತ ಮಾತ್ರ. ಆದ್ರೆ 3 ಮತ್ತು 6 ಒಂದೇ ಹೆಣೆದ ಜೋಡಿಯಲ್ಲಿರಬೇಕು. ಸಾಲಾಗಿ ಹಾಕಿದಾಗ 3 ಹಸಿರು ಜೋಡಿಗೆ, 6 ನೀಲಿ ಜೋಡಿಗೆ ಹೋಗ್ತದೆ. ಹೆಣಿಗೆ ಇರೋದೇ ಪಕ್ಕದ ತಂತಿಯ ಗದ್ದಲ ಕಳೆಯೋಕೆ, ಅದು ಮುರೀತು. ಗಿಗಾಬಿಟ್ ಹಿಡಿಯಲ್ಲ, ಹಿಡಿದರೂ ಪ್ಯಾಕೆಟ್ ಬೀಳ್ತವೆ.

ಕ್ರಿಂಪ್ ಮಾಡುವಾಗ, ಅಂದ್ರೆ ಕನೆಕ್ಟರ್ ಒತ್ತಿ ಕೂರಿಸುವಾಗ, ಹೆಣಿಗೆ ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬೇಡ್ರಿ. ಹೊರಗಿನ ಸಿಪ್ಪೆ ಕನೆಕ್ಟರಿನ ಒಳಗೆ ಹೋಗಿ ಕಚ್ಚಿಕೊಂಡಿರಬೇಕು.

ಇನ್ನೊಂದು. ತಂತಿಯ ತುದಿ ಬ್ಲೇಡಿನಲ್ಲಿ ಕೆರೆದು ನೋಡ್ರಿ. ಒಳಗೂ ತಾಮ್ರದ ಬಣ್ಣ ಇದ್ದರೆ ಸರಿ. ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಸಿಸಿಎ ಅಂತಾರೆ. ರೋಧ ಜಾಸ್ತಿ, ಎರಡು ಸಲ ಬಗ್ಗಿಸಿದರೆ ಒಳಗೇ ಮುರಿಯುತ್ತೆ. ಅದು ಸಿಕ್ಕರೆ ತುದಿ ಬದಲಾಯಿಸೋ ಕೆಲಸ ದಂಡ, ಕೇಬಲ್ಲೇ ಎಳೀರಿ. ತಾಮ್ರದ ಕ್ಯಾಟ್5ಇ ಸಾಕು, 100 ಮೀಟರ್‌ವರೆಗೆ ಗಿಗಾಬಿಟ್ಟಿಗೆ ಏನೂ ತೊಂದರೆ ಇಲ್ಲ. ಆಫೀಸಿಗೆ ಕ್ಯಾಟ್7 ಅಂತ ಮಾರೋರ ಮಾತು ಕೇಳಬೇಡ್ರಿ.

ದುರ್ಗದ_ಸಿಸ್ಟಮ್ಸ್

ಚಿತ್ರದುರ್ಗದಿಂದ. ಕೇಬಲ್ ಅಣ್ಣ ಹೇಳಿದ್ದು ಎಲ್ಲ ಸರಿ. ಅದು ಮುಗಿದ ಮೇಲೆ ಫೈಲ್ ಕಾಪಿ ಮಾಡಿ ಅಳೆಯುವುದನ್ನು ಬಿಟ್ಟು ಐಪರ್ಫ್3 ಹಾಕಿ. ಅದು ಡಿಸ್ಕನ್ನು ಮುಟ್ಟದೆ ಬರೀ ನೆಟ್‌ವರ್ಕ್ ಅಳೆಯುತ್ತೆ. ನಾಸ್‌ನಲ್ಲಿ ಪ್ಯಾಕೇಜಾಗಿ ಸಿಗದಿದ್ದರೆ ಒಂದು ಕಂಪ್ಯೂಟರನ್ನು ಸರ್ವರ್ ಮಾಡಿಕೊಂಡು ಇನ್ನೊಂದರಿಂದ ಓಡಿಸಿ. ಗಿಗಾಬಿಟ್ ಆರೋಗ್ಯವಾಗಿದ್ದರೆ 940 ಎಂಬಿಪಿಎಸ್ ಆಸುಪಾಸು ಬರಬೇಕು. ಎರಡೂ ದಿಕ್ಕಿನಲ್ಲಿ ಅಳೆಯಿರಿ, ಹಿಮ್ಮುಖಕ್ಕೆ ಆರ್ ಆಯ್ಕೆ ಇದೆ. ಒಂದು ಕಡೆ 940, ಇನ್ನೊಂದು ಕಡೆ 200–300 ಬಂದರೆ ಕೇಬಲ್, ಡ್ರೈವರ್, ಅಥವಾ ಯಾರೋ ಸ್ಪೀಡ್ ಅಂಡ್ ಡ್ಯೂಪ್ಲೆಕ್ಸ್ ಅನ್ನು ಕೈಯಾರೆ ಕಟ್ಟಿಹಾಕಿದ್ದಾರೆ. ಅದು ಎರಡೂ ಬದಿ ಆಟೋದಲ್ಲೇ ಇರಲಿ.

ಈಗ ಆ 1–2 ಎಂಬಿಯ ವಿಷಯ. ಇದಕ್ಕೂ ಕೇಬಲ್ಲಿಗೂ ಸಂಬಂಧವಿಲ್ಲ, ನಾಸ್ ಬದಲಾಯಿಸಿದರೂ ಪೂರ್ತಿ ಹೋಗಲ್ಲ. ಸಣ್ಣ ಫೈಲ್ ಒಂದನ್ನು ಕಳಿಸಲು ಕಂಪ್ಯೂಟರ್ ಮತ್ತು ನಾಸ್ ನಡುವೆ ಹಲವು ಸಲ ಮಾತುಕತೆ ನಡೆಯುತ್ತೆ: ಹೆಸರು ಇದೆಯಾ, ತೆರೆ, ಬರೆ, ಸಮಯ ಹಾಕು, ಅನುಮತಿ ಹಾಕು, ಮುಚ್ಚು. ಪ್ರತಿ ಫೈಲಿಗೆ 20 ಮಿಲಿಸೆಕೆಂಡ್ ಹಿಡಿದರೂ 3 ಲಕ್ಷ ಫೈಲಿಗೆ 6000 ಸೆಕೆಂಡ್, ಅಂದರೆ 1 ಗಂಟೆ 40 ನಿಮಿಷ. ಫೈಲಿನ ಗಾತ್ರ ಸೊನ್ನೆ ಇದ್ದರೂ ಅಷ್ಟು ಹೊತ್ತು ಬೇಕು.

ದಾರಿ ಎರಡು. ಒಂದು, ಫೈಲ್ ಫೈಲಾಗಿ ಕಳಿಸದೆ ಇಮೇಜ್ ಬ್ಯಾಕಪ್ ಮಾಡುವ ಸಾಫ್ಟ್‌ವೇರ್ ಹಾಕುವುದು. ಅದು ಡಿಸ್ಕಿನ ಬದಲಾದ ಬ್ಲಾಕುಗಳನ್ನಷ್ಟೇ ಒಂದು ದೊಡ್ಡ ಫೈಲಿಗೆ ಬರೆಯುತ್ತೆ. ನನ್ನ ಒಲವು ಇದಕ್ಕೇ. ಎರಡು, ವಿಂಡೋಸ್‌ನಲ್ಲೇ ಇರುವ ಕಾಪಿ ಕಮಾಂಡ್ ರೋಬೋಕಾಪಿ. ಅದರಲ್ಲಿ ಒಟ್ಟಿಗೆ ಹಲವು ಫೈಲ್ ಕಳಿಸುವ ಎಂಟಿ ಆಯ್ಕೆ ಇದೆ. ಸಂಖ್ಯೆ ಕೊಡದಿದ್ದರೆ 8, ಹೆಚ್ಚೆಂದರೆ 128. ಸಣ್ಣ ನಾಸ್‌ಗೆ 8ರಿಂದ 16ರೊಳಗೆ ನಿಲ್ಲಿಸಿ. ಅದಕ್ಕಿಂತ ಏರಿಸಿದರೆ ಡಿಸ್ಕಿನ ತಲೆ ಅತ್ತಿತ್ತ ಓಡಾಡಿಯೇ ಸಮಯ ಹೋಗುತ್ತೆ.

ರೋಬೋಕಾಪಿಯಲ್ಲಿ ಮರೆಯಬಾರದ್ದು ಆರ್ (ಎಷ್ಟು ಸಲ ಮರುಪ್ರಯತ್ನ) ಮತ್ತು ಡಬ್ಲ್ಯೂ (ನಡುವೆ ಎಷ್ಟು ಸೆಕೆಂಡ್ ಕಾಯಬೇಕು). ಇವನ್ನು ಕೊಡದೇ ಬಿಟ್ಟರೆ ತೆರೆಯಲಾಗದ ಒಂದು ಫೈಲ್ ಸಿಕ್ಕಾಗ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತೆ. ಬೆಳಗ್ಗೆ ನೋಡಿದರೆ ಬ್ಯಾಕಪ್ ಒಂದು ಫೈಲಿನ ಮುಂದೆ ನಿಂತಿರುತ್ತೆ. ಎರಡಕ್ಕೂ 1 ಕೊಡಿ. ಎಫ್‌ಎಫ್‌ಟಿಯನ್ನೂ ಸೇರಿಸಿ. ಕೆಲವು ನಾಸ್‌ಗಳು ಫೈಲಿನ ಸಮಯವನ್ನು ವಿಂಡೋಸ್‌ನಷ್ಟು ಸೂಕ್ಷ್ಮವಾಗಿ ಇಡಲ್ಲ, ಹಾಗಾಗಿ ಬದಲಾಗದ ಫೈಲೂ ಪ್ರತಿ ರಾತ್ರಿ ಹೊಸದಾಗಿ ಹೋಗುತ್ತೆ. ಎಫ್‌ಎಫ್‌ಟಿ ಹಾಕಿದರೆ 2 ಸೆಕೆಂಡಿನ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಲ್ಲ.

ಎಂಐಆರ್ ಆಯ್ಕೆ ಹುಷಾರು. ಮೂಲದಲ್ಲಿ ಅಳಿಸಿದ್ದನ್ನು ನಾಸ್‌ನಲ್ಲೂ ಅಳಿಸುತ್ತೆ. ವೈರಸ್ ಬಂದು ಫೈಲುಗಳನ್ನೆಲ್ಲ ಲಾಕ್ ಮಾಡಿದರೆ ಅದೇ ರಾತ್ರಿ ಒಳ್ಳೆಯ ಪ್ರತಿಯ ಮೇಲೆ ಕೆಟ್ಟದ್ದು ಕೂರುತ್ತೆ. ನಾಸ್‌ನಲ್ಲಿ ಸ್ನ್ಯಾಪ್‌ಶಾಟ್ (ಹಿಂದಿನ ಸ್ಥಿತಿಗೆ ಮರಳಲು ಉಳಿಸಿಟ್ಟ ಪ್ರತಿ) ಇದ್ದರೆ ಮಾತ್ರ ಎಂಐಆರ್.

ಜಿಎಸ್‌ಟಿ_ಮೇಡಂ_ಎಂಸಿಸಿ_ಬಿ

ಟ್ಯಾಲಿ ತೆರೆದಿದ್ದಾಗಲೇ ಡೇಟಾ ಫೋಲ್ಡರ್ ಕಾಪಿ ಆಗುವುದು ಬೇಡ. ಅರ್ಧ ಬರೆದ ಸ್ಥಿತಿಯಲ್ಲಿ ಕಾಪಿಯಾದರೆ ವಾಪಸ್ ತೆರೆಯುವಾಗ ಗೊತ್ತಾಗುತ್ತೆ, ಆಗ ಉಪಯೋಗವಿಲ್ಲ. ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ವೈ ಒತ್ತಿ ಬ್ಯಾಕಪ್ ಆರಿಸಿ ಅದೇ ಕಂಪ್ಯೂಟರಿನ ಡಿಸ್ಕಿಗೆ ಬ್ಯಾಕಪ್ ಮಾಡಿಸಿ, ಆ ಫೈಲನ್ನು ನಾಸ್‌ಗೆ ಕಳಿಸಿ. ನೂರಾರು ಸಣ್ಣ ಫೈಲ್ ಹೋಗುವ ಬದಲು ಒಂದು ಹೋಗುತ್ತೆ, ದುರ್ಗದ ಸರ್ ಹೇಳಿದ ತೊಂದರೆಯೂ ತಪ್ಪುತ್ತೆ.

ಔಟ್‌ಲುಕ್ ಬಳಸುವವರಾದರೆ ಮೇಲ್‌ಗಳೆಲ್ಲ ಕೂರುವ ಪಿಎಸ್‌ಟಿ ಫೈಲಿನ ಗಾತ್ರವನ್ನೂ ನೋಡಿ. 20 ಜಿಬಿಯ ಪಿಎಸ್‌ಟಿಯಲ್ಲಿ ಒಂದು ಮೇಲ್ ಬಂದರೂ ಪೂರ್ತಿ ಫೈಲ್ ಬದಲಾಯಿತು ಅಂತಲೇ ಲೆಕ್ಕ. ಫೈಲ್ ಮಟ್ಟದ ಬ್ಯಾಕಪ್ ಪ್ರತಿ ರಾತ್ರಿ 20 ಜಿಬಿಯನ್ನೂ ಹೊರುತ್ತೆ. ಹಳೆಯ ವರ್ಷಗಳ ಮೇಲನ್ನು ಬೇರೆ ಪಿಎಸ್‌ಟಿಗೆ ಎತ್ತಿಟ್ಟರೆ ಅದು ಒಂದೇ ಸಲ ಹೋಗುತ್ತೆ.

ಆಡಿಟ್_ಆಫೀಸ್_ಪಿಜೆ

ಕೇಬಲ್ ಎರಡೂ ಸರಿಯಾದವು. ಒಂದು ಸಾಲು ಬಣ್ಣದ ಕ್ರಿಂಪೇ ಆಗಿತ್ತು. ಐಪರ್ಫ್ ಎರಡೂ ದಿಕ್ಕಿನಲ್ಲಿ 941. ಟ್ಯಾಲಿ, ಪಿಎಸ್‌ಟಿ ಮೇಡಂ ಹೇಳಿದ ಹಾಗೆ ಬದಲಾಯಿಸಿದ್ದಾಯ್ತು, ಧನ್ಯವಾದ.

ಈಗ ಬೇರೆಯದೇ ಕಾಣುತ್ತಿದೆ. ದೊಡ್ಡ ಇಮೇಜ್ ಬ್ಯಾಕಪ್ ಮೊದಲ ಎರಡು ಮೂರು ನಿಮಿಷ 112ರಲ್ಲಿ ಹೋಗುತ್ತೆ, ಆಮೇಲೆ 15ರಿಂದ 25ಕ್ಕೆ ಬಿದ್ದು ಅಲ್ಲೇ ಕುಂಟುತ್ತೆ. ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ಶುರು ಮಾಡಿದರೆ ಮತ್ತೆ 112. ನಾಸ್‌ನ ಪ್ರೊಸೆಸರ್ ಶೇ. 20 ದಾಟಲ್ಲ, ಡಿಸ್ಕ್ ಬಳಕೆ ಮಾತ್ರ ಶೇ. 100. ಡಿಸ್ಕಿನ ಸ್ಮಾರ್ಟ್ (ಆರೋಗ್ಯ) ವರದಿಯಲ್ಲಿ ಹಾಳಾದ ಜಾಗ ಎಣಿಸುವ 5, 197, 198ನೇ ಸಾಲು ಮೂರೂ ಸೊನ್ನೆ.

ಡೇಟಾ_ರಿಕವರಿ_ಹದಡಿ_ರಸ್ತೆ

5, 197, 198 ಸೊನ್ನೆ ಇರುವುದು ಒಳ್ಳೆಯದು, ಮೇಲ್ಮೈ ಹಾಳಾಗಿಲ್ಲ. 199ನ್ನೂ ನೋಡಿ, ಅದು ಏರುತ್ತಿದ್ದರೆ ಡಿಸ್ಕಲ್ಲ, ಡಿಸ್ಕನ್ನು ನಾಸ್‌ಗೆ ಸೇರಿಸುವ ಸಾಟಾ ಜೋಡಣೆ ಸಡಿಲ. ಆದರೆ ನೀವು ಬರೆದ ಲಕ್ಷಣ ನೋಡಿದರೆ ಡಿಸ್ಕ್ ಕೆಟ್ಟಿಲ್ಲ, ಅದರ ಜಾತಿಯೇ ಹಾಗೆ. ಎಸ್‌ಎಂಆರ್ ಇರಬೇಕು. ಲೇಬಲ್ಲಿನ ಮಾಡೆಲ್ ನಂಬರನ್ನು ತಯಾರಕರ ಪಟ್ಟಿಯಲ್ಲಿ ಹುಡುಕಿ, ಎಸ್‌ಎಂಆರ್, ಸಿಎಂಆರ್ (ಗೆರೆಗಳು ಒಂದರ ಮೇಲೊಂದು ಬರದ ಮಾಮೂಲಿ ಬಗೆ) ಅಂತ ಕೊಟ್ಟಿರುತ್ತಾರೆ.

ಎಸ್‌ಎಂಆರ್ ಡಿಸ್ಕಿನಲ್ಲಿ ಬರೆಯುವ ಗೆರೆಗಳು ಮಂಗಳೂರು ಹೆಂಚಿನ ಹಾಗೆ ಒಂದರ ಮೇಲೊಂದು ಅಂಚು ಚಾಚಿ ಕೂತಿರುತ್ತವೆ. ಅದರಿಂದಲೇ ಕಡಿಮೆ ತಟ್ಟೆಗಳಲ್ಲಿ ಹೆಚ್ಚು ಟಿಬಿ ಹಿಡಿಸುತ್ತಾರೆ. ಓದುವಾಗ ಏನೂ ವ್ಯತ್ಯಾಸವಿಲ್ಲ. ಬರೆದದ್ದನ್ನು ತಿದ್ದಬೇಕಾದರೆ ಅದರ ಮೇಲೆ ಚಾಚಿದ ಪಕ್ಕದ ಗೆರೆಗಳನ್ನೂ ಓದಿಟ್ಟುಕೊಂಡು ಇಡೀ ಪಟ್ಟಿಯನ್ನು ಮತ್ತೆ ಬರೆಯಬೇಕು. ಈ ಕಷ್ಟ ಮರೆಸಲು ಡಿಸ್ಕಿನ ಒಂದು ಭಾಗವನ್ನು ಮಾಮೂಲಿ ಗೆರೆಗಳಾಗಿ ಬಿಟ್ಟಿರುತ್ತಾರೆ, ಬಂದ ಡೇಟಾ ಮೊದಲು ಅಲ್ಲಿ ಇಳಿಯುತ್ತೆ. ನಿಮ್ಮ ಆ ಎರಡು ಮೂರು ನಿಮಿಷದ 112 ಅದೇ. ಅದು ತುಂಬಿದ ಮೇಲೆ ಡಿಸ್ಕ್ ಒಂದು ಕಡೆ ಖಾಲಿ ಮಾಡುತ್ತ, ಇನ್ನೊಂದು ಕಡೆ ಹೊಸದನ್ನು ತೆಗೆದುಕೊಳ್ಳುತ್ತ ಏದುಸಿರು ಬಿಡುತ್ತೆ. ನಿಲ್ಲಿಸಿದಾಗ ಖಾಲಿಯಾಗುತ್ತೆ, ಹಾಗಾಗಿ ಮತ್ತೆ 112.

ನಾಸ್‌ಗೆ ಅಂತ ಮಾರಿದ ಡಿಸ್ಕಿನಲ್ಲೂ ಇದು ಇತ್ತು. ವೆಸ್ಟರ್ನ್ ಡಿಜಿಟಲ್ ರೆಡ್ ಸಾಲಿನ 2ರಿಂದ 6 ಟಿಬಿಯ ಇಎಫ್‌ಎಎಕ್ಸ್ ಮಾಡೆಲ್‌ಗಳು ಎಸ್‌ಎಂಆರ್ ಅನ್ನುವುದು 2020ರ ಏಪ್ರಿಲ್‌ನಲ್ಲಿ ಹೊರಗೆ ಬಂತು, ಆಮೇಲೆ ಸಿಎಂಆರ್ ಇರುವುದನ್ನು ರೆಡ್ ಪ್ಲಸ್ ಅಂತ ಬೇರೆ ಮಾಡಿದರು. ಸೀಗೇಟ್‌ನಲ್ಲಿ ಐರನ್‌ವುಲ್ಫ್ ಸಿಎಂಆರ್, ಡೆಸ್ಕ್‌ಟಾಪಿನ ಬ್ಯಾರಾಕುಡಾ 4 ಟಿಬಿ ಎಸ್‌ಎಂಆರ್. ಅಂಗಡಿಯಲ್ಲಿ 4 ಟಿಬಿ ಕೊಡಿ ಅಂತ ಮಾತ್ರ ಕೇಳಬೇಡಿ, ಪೂರ್ತಿ ಮಾಡೆಲ್ ನಂಬರ್ ಹೇಳಿ, ಬಿಲ್ಲಿನಲ್ಲೂ ಬರೆಸಿ.

ದುರ್ಗದ_ಸಿಸ್ಟಮ್ಸ್

ಒಂದು ಮಾತು ಸೇರಿಸುತ್ತೇನೆ. ಎಸ್‌ಎಂಆರ್ ಅಂದ ತಕ್ಷಣ ಎಸೆಯಬೇಕಾಗಿಲ್ಲ. ಪ್ರತಿ ರಾತ್ರಿ ಬದಲಾಗುವುದು 10–15 ಜಿಬಿ ಅಷ್ಟೇ ಆದರೆ ಅದು ಆ ಮಾಮೂಲಿ ಭಾಗದಲ್ಲೇ ಹಿಡಿಸುತ್ತೆ, ಹಗಲು ಡಿಸ್ಕ್ ಸುಮ್ಮನಿದ್ದಾಗ ಜೋಡಿಸಿಕೊಳ್ಳುತ್ತೆ. ಆರಂಭದ ಪೂರ್ತಿ ಬ್ಯಾಕಪ್ ಮಾತ್ರ ನಿಧಾನ. ಶನಿವಾರ ರಾತ್ರಿ ಹಚ್ಚಿ ಬಿಡಬಹುದು.

ಡೇಟಾ_ರಿಕವರಿ_ಹದಡಿ_ರಸ್ತೆ

ಒಂಟಿ ಡಿಸ್ಕಿಗೆ ಒಪ್ಪುತ್ತೇನೆ. ರೇಡ್‌ನಲ್ಲಿ ಒಪ್ಪಲ್ಲ. ಒಂದು ಡಿಸ್ಕ್ ಹೋಗಿ ಹೊಸ ಎಸ್‌ಎಂಆರ್ ಹಾಕಿದ ದಿನ ಇಡೀ 4 ಟಿಬಿಯನ್ನು ಬಿಡುವಿಲ್ಲದೆ ಬರೆಯಬೇಕು. ಸೆಕೆಂಡಿಗೆ 100 ಎಂಬಿಯಾದರೆ 11 ಗಂಟೆ, 20 ಎಂಬಿಯಾದರೆ ಎರಡು ದಿನ ದಾಟುತ್ತೆ. ಅಷ್ಟು ಹೊತ್ತೂ ಉಳಿದ ಒಂದೇ ಡಿಸ್ಕಿನ ಮೇಲೆ ಆಫೀಸಿನ ಲೆಕ್ಕ ನಿಂತಿರುತ್ತೆ. ಮಧ್ಯೆ ಹೊಸ ಡಿಸ್ಕ್ ಉತ್ತರಿಸಲು ತಡಮಾಡಿದರೆ ನಾಸ್ ಅದನ್ನು ಕೆಟ್ಟದ್ದೆಂದು ಹೊರಗೆ ಹಾಕುವುದೂ ಉಂಟು.

ಬದಲಾಯಿಸುವುದಾದರೆ: ಮೊದಲು ನಾಸ್‌ನಲ್ಲಿರುವುದನ್ನು ಯುಎಸ್‌ಬಿ ಡಿಸ್ಕಿಗೆ ಒಂದು ಪ್ರತಿ ತೆಗೆಯಿರಿ. ಆಮೇಲೆ ಒಂದು ಡಿಸ್ಕ್ ತೆಗೆದು ಸಿಎಂಆರ್ ಹಾಕಿ ರಿಬಿಲ್ಡ್ ಪೂರ್ತಿಯಾಗಲು ಬಿಡಿ, ಸ್ಥಿತಿ ಆರೋಗ್ಯಕರ ಅಂತ ಬಂದ ಮೇಲೆ ಎರಡನೆಯದು. ಹಳೆಯದರಿಂದ ಓದು, ಹೊಸದಕ್ಕೆ ಬರಹ. ಎಸ್‌ಎಂಆರ್ ಓದುವಾಗ ನಿಧಾನವಿಲ್ಲದ ಕಾರಣ ಈ ದಿಕ್ಕಿನಲ್ಲಿ ಬೇಗ ಆಗುತ್ತೆ. ತೆಗೆದ ಹಳೆಯ ಎರಡನ್ನು ಯುಎಸ್‌ಬಿ ಡಬ್ಬಿಗೆ ಹಾಕಿ ವಾರಕ್ಕೊಂದು ಪ್ರತಿ ತೆಗೆದು ಆಫೀಸಿನಿಂದ ಹೊರಗೆ ಇಡಲು ಬಳಸಿ, ಅದಕ್ಕೆ ಅವು ಚೆನ್ನಾಗಿವೆ.

ಹರಿಹರ_ಫ್ಯಾಕ್ಟರಿ_ಐಟಿ

ಕರೆಂಟಿನ ವಿಷಯ ಯಾರೂ ಎತ್ತಿಲ್ಲ. ನಾಸ್ ಇದ್ದಕ್ಕಿದ್ದಂತೆ ಆಫ್ ಆದರೆ ಮತ್ತೆ ಹತ್ತಿದಾಗ ರೇಡ್‌ನ ಎರಡೂ ಡಿಸ್ಕ್ ಒಂದೇ ಇದೆಯಾ ಅಂತ ಕೂತು ಹೋಲಿಸಬಹುದು. 4 ಟಿಬಿಗೆ ಅದೂ ಅರ್ಧ ದಿನದ ಕೆಲಸ, ಅಷ್ಟು ಹೊತ್ತು ಬ್ಯಾಕಪ್ ಮಂದ. ಸಂಜೆ ಕರೆಂಟ್ ಹೋಗಿ ಬಂದ ದಿನಗಳಲ್ಲೇ ನಿಧಾನ ಆಗುತ್ತಾ ನೋಡಿ. ನಾಸ್‌ನ ಸ್ಟೋರೇಜ್ ಪುಟದಲ್ಲಿ ಈ ಹೋಲಿಕೆಯ (ರೀಸಿಂಕ್) ಶೇಕಡಾವಾರು ಕಾಣುತ್ತೆ.

ಇನ್ವರ್ಟರ್ ಇದೆ ಅಂತ ನಂಬಬೇಡಿ. ಮನೆ ಇನ್ವರ್ಟರಿನಲ್ಲಿ ನಾರ್ಮಲ್, ಯುಪಿಎಸ್ ಅಂತ ಎರಡು ಮೋಡ್ ಇರುತ್ತೆ. ನಾರ್ಮಲ್‌ನಲ್ಲಿ ಬದಲಾಗುವ ಹೊತ್ತಿಗೆ ನಾಸ್ ರೀಸ್ಟಾರ್ಟ್ ಆಗಬಹುದು. ಎರಡು ಡಿಸ್ಕಿನ ನಾಸ್ ಎಳೆಯುವುದು 20–30 ವ್ಯಾಟ್, 600 ವಿಎ ಯುಪಿಎಸ್ ಧಾರಾಳ. ಯುಎಸ್‌ಬಿ ಸಂಕೇತದ ತಂತಿ ಇರುವುದನ್ನೇ ತಗೊಳ್ಳಿ. ಬ್ಯಾಟರಿ ಇಳಿದಾಗ ನಾಸ್ ತಾನೇ ಸರಿಯಾಗಿ ಮುಚ್ಚಿಕೊಳ್ಳುತ್ತೆ. ಸ್ವಿಚ್ಚನ್ನೂ ಅದಕ್ಕೇ ಹಾಕಿ.

ಮಂಡಕ್ಕಿ ಭಟ್ಟಿಯ ಹತ್ತಿರದ ಆಫೀಸುಗಳಾದರೆ ಫ್ಯಾನಿನ ಜಾಲರಿಯಲ್ಲಿ ಮಸಿ ಕಟ್ಟುತ್ತೆ. ಏಪ್ರಿಲ್, ಮೇ ಬಂದರೆ ಡಿಸ್ಕ್ 50 ಡಿಗ್ರಿ ದಾಟುತ್ತೆ. 45ರ ಕೆಳಗೆ ಇಡಲು ನೋಡಿ. ಬೀರುವಿನೊಳಗೆ ಇಟ್ಟು ಬಾಗಿಲು ಹಾಕಬೇಡಿ.

ಮತ್ತೆ ಏಳೂ ಕಂಪ್ಯೂಟರನ್ನು 9ಕ್ಕೇ ಹಚ್ಚಬೇಡಿ. ಏಳು ಕಡೆಯಿಂದ ಒಟ್ಟಿಗೆ ಬರೆಯುವಾಗ ಡಿಸ್ಕಿನ ತಲೆ ಜಿಗಿದಾಡುತ್ತೆ, ಏಳರ ಮೊತ್ತ ಒಂದರ ವೇಗಕ್ಕಿಂತ ಕಡಿಮೆ ಆಗುತ್ತೆ. 40 ನಿಮಿಷ ಬಿಟ್ಟು ಒಂದೊಂದು. ನಾಸ್‌ನ ಸ್ಕ್ರಬ್ಬಿಂಗ್ (ಡಿಸ್ಕಿನ ಡೇಟಾ ತಪಾಸಣೆ), ಫೋಟೋ ಇಂಡೆಕ್ಸಿಂಗ್ ಯಾವ ಸಮಯಕ್ಕೆ ಇಟ್ಟಿದೆ ನೋಡಿ, ಇಂಡೆಕ್ಸಿಂಗ್ ಆಫೀಸಿಗೆ ಬೇಡವೇ ಬೇಡ. ಕಂಪ್ಯೂಟರಿನ ಸ್ಲೀಪ್ ಕೂಡ ಆಫ್ ಇರಲಿ.

ಸ್ಟುಡಿಯೋ_ವಿದ್ಯಾನಗರ

ಲ್ಯಾಪ್‌ಟಾಪ್ ವೈಫೈನಲ್ಲಿದೆ, 866 ಎಂಬಿಪಿಎಸ್ ತೋರಿಸುತ್ತೆ, ನಾಸ್‌ಗೆ 40 ಎಂಬಿ ದಾಟಲ್ಲ. ಇನ್ನೊಂದು, ಹೊಸ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಹಳೆಯ ನಾಸ್ ಪಾಸ್‌ವರ್ಡ್ ಇಲ್ಲದ ಶೇರ್ ತೆರೆಯಲ್ಲ ಅನ್ನುತ್ತೆ.

ದುರ್ಗದ_ಸಿಸ್ಟಮ್ಸ್

866 ಅನ್ನುವುದು ಗಾಳಿಯಲ್ಲಿನ ಲೆಕ್ಕ, ಒಂದು ಸಲಕ್ಕೆ ಒಂದೇ ದಿಕ್ಕು. ಹತ್ತಿರದಲ್ಲಿದ್ದರೆ 50–60 ಎಂಬಿ, ಗೋಡೆ ಅಡ್ಡ ಬಂದರೆ 40 ಸಹಜ. ಬ್ಯಾಕಪ್ಪಿಗೆ ತಂತಿ ಹಾಕಿ. ಯುಎಸ್‌ಬಿ 3ರ ಗಿಗಾಬಿಟ್ ಅಡಾಪ್ಟರ್ ಇರಲಿ, ಯುಎಸ್‌ಬಿ 2ರದ್ದಾದರೆ 35–40ರಲ್ಲೇ ನಿಲ್ಲುತ್ತೆ.

ಎರಡನೆಯದು ವಿಂಡೋಸ್ 11ರ 24ಎಚ್2 ಆವೃತ್ತಿ ಬಂದ ಮೇಲಿನ ಬದಲಾವಣೆ. ವಿಂಡೋಸ್ 11 ಪ್ರೊನಲ್ಲಿ ಎಸ್‌ಎಂಬಿ (ವಿಂಡೋಸ್ ಫೈಲ್ ಹಂಚುವ ವಿಧಾನ) ಸೈನಿಂಗ್, ಅಂದರೆ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ, ಕಡ್ಡಾಯ, ಅತಿಥಿ ಲಾಗಿನ್ ನಡೆಯಲ್ಲ. ಇಂಟರ್ನೆಟ್‌ನಲ್ಲಿ ಸೈನಿಂಗ್ ಆಫ್ ಮಾಡುವ ಕಮಾಂಡ್ ಸಿಗುತ್ತೆ, ಮಾಡಬೇಡಿ. ನಾಸ್‌ನಲ್ಲಿ ಬ್ಯಾಕಪ್ಪಿಗೇ ಒಂದು ಯೂಸರ್, ಗಟ್ಟಿ ಪಾಸ್‌ವರ್ಡ್ ಮಾಡಿ, ಫರ್ಮ್‌ವೇರ್ ಅಪ್‌ಡೇಟ್ ಮಾಡಿ, ಕನಿಷ್ಠ ಎಸ್‌ಎಂಬಿ2 ಇಡಿ. ಎಸ್‌ಎಂಬಿ1 ಯಾವ ಕಾರಣಕ್ಕೂ ಬೇಡ, 2017ರ ವಾನಾಕ್ರೈ ಹರಡಿದ್ದು ಅದರಲ್ಲಿದ್ದ ಬಿರುಕಿನಿಂದಲೇ. ಸಣ್ಣ ಪ್ರೊಸೆಸರಿನ ನಾಸ್‌ನಲ್ಲಿ ಸೈನಿಂಗ್‌ನಿಂದ ವೇಗ ಸ್ವಲ್ಪ ಇಳಿಯುತ್ತೆ, ಕಾಪಿ ಆಗುವಾಗ ಪ್ರೊಸೆಸರ್ ಶೇ. 90 ದಾಟಿದ್ದರೆ ಅದೇ ಕಾರಣ. ಆ ಬೆಲೆ ಕೊಡಬಹುದು.

ಆಡಿಟ್_ಆಫೀಸ್_ಪಿಜೆ

ಲೇಬಲ್ ನೋಡಿದ್ದಾಯ್ತು, ಎರಡೂ ಎಸ್‌ಎಂಆರ್. ಯುಎಸ್‌ಬಿಗೆ ಪ್ರತಿ ತೆಗೆದು ಒಂದೊಂದಾಗಿ ಸಿಎಂಆರ್‌ಗೆ ಬದಲಾಯಿಸಿದ್ದೇವೆ. ಈಗ ಇಮೇಜ್ ಬ್ಯಾಕಪ್ ಉದ್ದಕ್ಕೂ 108ರಿಂದ 112. ಏಳು ಕಂಪ್ಯೂಟರಿನ ದಿನದ ಬದಲಾವಣೆ ಬೇರೆ ಬೇರೆ ಹೊತ್ತಿಗೆ ಇಟ್ಟು ರಾತ್ರಿ 12ರೊಳಗೆ ಮುಗಿಯುತ್ತಿದೆ. ಯುಪಿಎಸ್‌ಗೆ ಹೇಳಿದ್ದೇವೆ. ಹಳೆಯ ನಾಸ್ ಡಬ್ಬಿಯೇ ಮುಂದುವರಿಯುತ್ತೆ. ಕೊನೆಯದಾಗಿ ಒಂದು: ಸ್ವಿಚ್ಚನ್ನು 2.5 ಗಿಗಾಬಿಟ್ ಮಾಡಿದರೆ ಲಾಭ ಇದೆಯಾ?

ಕೇಬಲ್_ಕೆಲಸ_ದಾವಣಗೆರೆ

ನಾಸ್‌ನ ಪೋರ್ಟೂ 2.5 ಇರಬೇಕು, ಕಂಪ್ಯೂಟರಿಂದೂ ಇರಬೇಕು. ನಿಮ್ಮ ನಾಸ್ ಗಿಗಾಬಿಟ್ ಆದರೆ ಸ್ವಿಚ್ ಬದಲಾಯಿಸಿದ್ದು ವ್ಯರ್ಥ. ಮೂರೂ ಇದ್ದರೂ 2.5ರ ತಂತಿ 280 ಎಂಬಿ ಹೊರ್ತದೆ, ರೇಡ್ 1ರ ಡಿಸ್ಕ್ ಬರೆಯೋದು 150ರಿಂದ 200. ಸಣ್ಣ ಫೈಲಿಗೆ ಏನೂ ಸಿಗಲ್ಲ. ಆ ದುಡ್ಡಿಗೆ ಸಿಸಿಎ ಕೇಬಲ್ ಎಲ್ಲೆಲ್ಲಿ ಉಳಿದಿದೆಯೋ ಅಷ್ಟನ್ನೂ ತೆಗೆಸಿ ತಾಮ್ರದ್ದು ಎಳೆಸ್ರಿ.

ಡೇಟಾ_ರಿಕವರಿ_ಹದಡಿ_ರಸ್ತೆ

ಮತ್ತೆ ಇಮೇಜಿನಿಂದ ಒಂದು ಕ್ಲೈಂಟ್ ಫೋಲ್ಡರನ್ನು ಬೇರೆ ಕಂಪ್ಯೂಟರಿಗೆ ವಾಪಸ್ ತೆಗೆದು ಟ್ಯಾಲಿಯಲ್ಲಿ ತೆರೆದು ನೋಡಿ, ಟ್ರಯಲ್ ಬ್ಯಾಲೆನ್ಸ್ ತಾಳೆ ಹಾಕಿ. ಎಷ್ಟು ನಿಮಿಷ ಹಿಡಿಯಿತು ಅಂತ ಡಬ್ಬಿಯ ಮೇಲೆ ಚೀಟಿ ಅಂಟಿಸಿ. ಮೂರು ತಿಂಗಳಿಗೊಮ್ಮೆ ಇದನ್ನೇ ಮಾಡಿ, ಸಮಯ ಹೆಚ್ಚಾಗಿದ್ದರೆ ಲಿಂಕ್ ಸ್ಪೀಡಿನಿಂದ ಮತ್ತೆ ಶುರು ಮಾಡಿ ನೋಡಿ.